ನೂರ ಮೂವತ್ತು ಕಡ್ಡಿ ಪಡ್ಡು

ನನ್ನ ಕೆಲಸದ ಪೆಟ್ಟಿಗೆಯಲ್ಲಿ, ಉಕ್ಕಿನ ತುಂಡುಗಳನ್ನು ಅಳೆಯುವ ವರ್ನಿಯರಿನ ಪಕ್ಕ, ಒಂದು ತೆಂಗಿನ ಗರಿಯ ಕಡ್ಡಿ ಮಲಗಿದೆ. ಉದ್ದ ನೂರ ಹನ್ನೆರಡು ಮಿಲಿಮೀಟರು. ದಪ್ಪ, ಮೊದಲ ಸಲ ಅಳೆದಾಗ, ಬುಡದಲ್ಲಿ ಎರಡೂವರೆ. ಹಸಿರಾಗಿದ್ದದ್ದು ಒಣಗಿ ಈಗ ಟೀ ಬಣ್ಣಕ್ಕೆ ಬಂದಿದೆ. ನಿನ್ನೆ ಪೆಟ್ಟಿಗೆ ಒರೆಸುವಾಗ ಕೈಗೆ ಸಿಕ್ಕಿತು. ಸುಮ್ಮನಿರಲಾರದೆ ಮತ್ತೆ ಅಳೆದೆ. ಬುಡ ಎರಡೂಕಾಲಿಗೆ ಇಳಿದಿದೆ. ಅದನ್ನೂ ಡೈರಿಯಲ್ಲಿ ಬರೆದುಕೊಂಡೆ.

ನಗಬೇಡಿ. ಎಣಿಸಿ ಬರೆದಿಡುವ ಚಟ ನನಗೆ ಅಂಟಿದ್ದು ಏಳನೇ ವಯಸ್ಸಿನಲ್ಲಿ, ಅದೂ ಕಡ್ಡಿಯಿಂದಲೇ. ಆಗ ನಾವು ಮಾಕಳಿಯಲ್ಲಿ, ಫ್ಯಾಕ್ಟರಿಯೊಂದರ ಕಾಂಪೌಂಡಿಗೆ ಬೆನ್ನು ಕೊಟ್ಟಿದ್ದ ವಠಾರದಲ್ಲಿದ್ದೆವು. ಅಪ್ಪನ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಮುಂದೆ ಐಸ್‌ಕ್ಯಾಂಡಿ ಗಾಡಿ ಬಂದು ನಿಲ್ಲುತ್ತಿತ್ತು. ಜನ ಚೀಪಿ ಬಿಸಾಡಿದ ಕಡ್ಡಿಗಳನ್ನು ನಾನು ಆರಿಸಿ, ತೊಳೆದು, ಹತ್ತರ ಕಟ್ಟು ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಮುಚ್ಚಳದ ಒಳಮೈಗೆ ಲೆಕ್ಕ ಬರೆಯುತ್ತಿದ್ದೆ. ಮುನ್ನೂರ ಹನ್ನೆರಡು ಆದ ದಿನ ಅಮ್ಮ ಡಬ್ಬಿಯನ್ನು ನೀರೊಲೆಗೆ ಸುರಿದಳು. "ಊರೋರ ಎಂಜ್ಲೆಲ್ಲ ನಮ್ಮನೇಲೇ ಇರ್ಬೇಕೇನೇ?" ಅಂದಳು. ಕಡ್ಡಿಗಳು ಒಂದು ತಂಬಿಗೆ ನೀರನ್ನೂ ಸರಿಯಾಗಿ ಕಾಯಿಸಲಿಲ್ಲ. ಮುಚ್ಚಳ ಉಳಿಯಿತು, ಅದರೊಳಗೆ ಸಂಖ್ಯೆಯೂ. ವಸ್ತು ಹೋದರೂ ಲೆಕ್ಕ ಉಳಿಯಿತಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಮ್ಮ ಹೆದರಿ ನನ್ನ ಹಣೆ ಮುಟ್ಟಿ ನೋಡಿದಳು.

ಆ ಹುಡುಗಿ ಬೆಳೆದು ಡಿಪ್ಲೊಮಾ ಮಾಡಿ, ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ತಯಾರಾದ ತುಂಡುಗಳನ್ನು ಅಳೆದು 'ಸರಿ', 'ತಪ್ಪು' ಎಂದು ಬರೆಯುವ ಕೆಲಸಕ್ಕೆ ಸೇರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಇರುವುದು ರಾಜಗೋಪಾಲನಗರದಲ್ಲಿ, ಒಂದೇ ಒಂದು ರೂಮಿನಲ್ಲಿ. ಫ್ಯಾಕ್ಟರಿಗೆ ನಡೆದರೆ ಹನ್ನೊಂದು ನಿಮಿಷ, ನಾಯಿಗಳು ಎದ್ದಿದ್ದರೆ ಹದಿಮೂರು.

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ ಇದೆ. ಪ್ರತಿಯೊಬ್ಬರಿಗೂ ಅವರವರ ನಂಬರು ಕೊರೆದ ಹತ್ತು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ನನ್ನ ನಂಬರು ನಲವತ್ತೇಳು. ಟೂಲ್ ರೂಮಿನ ಗೋಡೆಯ ತುಂಬ ಕೊಕ್ಕೆಗಳು, ಒಂದೊಂದು ಕೊಕ್ಕೆಗೆ ಒಂದೊಂದು ಸಲಕರಣೆ. ಯಾವುದಾದರೂ ಬೇಕಿದ್ದರೆ ಕಿಟಕಿಯಲ್ಲಿ ಬಿಲ್ಲೆ ಕೊಡಬೇಕು. ಸಲಕರಣೆ ನಮ್ಮ ಕೈಗೆ, ಬಿಲ್ಲೆ ಆ ಕೊಕ್ಕೆಗೆ. ವಾಪಸ್ ಕೊಟ್ಟರೆ ಬಿಲ್ಲೆ ನಮ್ಮ ಕೈಗೆ. ಇಷ್ಟೇ. ಆದರೆ ಸಂಜೆ ಆ ಗೋಡೆಯನ್ನು ಒಮ್ಮೆ ನೋಡಿದರೆ ಸಾಕು, ಇಡೀ ಫ್ಯಾಕ್ಟರಿಯಲ್ಲಿ ಯಾವುದು ಎಲ್ಲಿದೆ, ಯಾರ ಬಳಿ ಇದೆ ಎನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಆ ಗೋಡೆಯ ಮುಂದೆ ನಾನು ಬಾಯಿ ತೆರೆದು ನಿಂತಿದ್ದೆ. ನನ್ನ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಯಾರೋ ದೊಡ್ಡದು ಮಾಡಿ ಗೋಡೆಗೆ ಹೊಡೆದ ಹಾಗಿತ್ತು.

ಈಗ ನನ್ನ ಬಳಿ ಬಿಲ್ಲೆಗಳಿರುವುದು ಒಂಬತ್ತೇ. ಹತ್ತನೆಯದು ಎಲ್ಲಿ ಹೋಯಿತು ಎನ್ನುವುದಕ್ಕೆ ಒಬ್ಬರು ಹಿರಿಯರ ಕೆಲಸದ ಕೊನೆಯ ದಿನದ ಕಥೆ ಹೇಳಬೇಕು.

ಆ ಗೋಡೆಯ ಒಡೆಯರು ನಂಜುಂಡಯ್ಯನವರು. ಮೂವತ್ತೊಂದು ವರ್ಷ ಆ ಕಿಟಕಿಯ ಹಿಂದೆ ಕೂತವರು. ಸಣ್ಣ ಆಳು, ಕಿವಿಯ ಹಿಂದೆ ಪೆನ್ಸಿಲು, ಜೇಬಿನಲ್ಲಿ ಟಾರ್ಚು. ಗೋಡೆಯ ಮೇಲೆ ಒಂದೇ ಒಂದು ಬಿಲ್ಲೆ ನೇತಾಡುತ್ತಿದ್ದರೂ ಮನೆಗೆ ಹೊರಡುತ್ತಿರಲಿಲ್ಲ. ನಾನು ಸೇರಿದ ವಾರದಲ್ಲಿ ಒಂದು ಅಳತೆಪಟ್ಟಿಯನ್ನು ಮರೆತು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಸಂಜೆ ಆರೂಮುಕ್ಕಾಲಿಗೆ ನನ್ನ ರೂಮಿನ ಬಾಗಿಲು ಬಡಿದು, "ತಾಯಿ, ನಿನ್ನ ಬಿಲ್ಲೆ ತಂದಿದೀನಿ" ಎಂದು ಕೈ ಚಾಚಿ ನಿಂತಿದ್ದರು. ಬೈಯಲಿಲ್ಲ. ಅಳತೆಪಟ್ಟಿ ತಗೊಂಡು, ಬಿಲ್ಲೆ ಕೊಟ್ಟು, ನೀರು ಕುಡಿದು ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಅವರ ನಿವೃತ್ತಿ ಒಂದು ಶನಿವಾರ. ಪಾರ್ಟಿ ಮಾಡೋಣ ಎಂದು ಎಲ್ಲರಿಗೂ ಆಸೆ. ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಕಿಟಕಿಗೆ ಹೋದೆ. ಲೇತ್ ಮೆಷಿನ್ನಿನಲ್ಲಿ ಕೆಲಸ ಮಾಡುವ ಮಂಜು, ಸದಾ ತಮಾಷೆ ಮಾಡುವವನು, ನನ್ನ ಹಿಂದೆ ಬಂದು ನಿಂತ.

"ಸಾರ್, ಶನಿವಾರ ಒಂದು ಕೇಕ್ ಇಟ್ಕೊಳ್ಳೋಣ ಅಂತ..."

"ಬೇಡಮ್ಮ. ಕೇಕ್ ಕಥೆ ನಂಗೊತ್ತು. ಹೋದ್ಸಲ ಮ್ಯಾನೇಜರ್ ಬರ್ತ್‌ಡೇಲಿ ಕೇಕು ಆಫೀಸಿಂದ ಹೊರಟು ಪ್ಯಾಕಿಂಗ್ ಸೆಕ್ಷನ್‌ಗೆ ಬರೋಷ್ಟ್ರಲ್ಲಿ ಬರೀ ರಟ್ಟು ಉಳಿದಿತ್ತು. ಆ ರಟ್ಟು ಎತ್ತಿ ಬಿಸಾಡಿದ್ದು ಗುಡಿಸೋ ಶರಣಮ್ಮ. ರಟ್ಟು ಎತ್ತೋಕೆ ಕರೆದ್ರು, ಕೇಕಿಗೆ ಕರೀಲಿಲ್ಲ."

"ಹಂಗಾದ್ರೆ ಊಟ?"

"ಊಟ ಅಂದ್ರೆ ಒಂದು ಗಂಟೆ ಮೆಷಿನ್ ನಿಲ್ಲುತ್ತೆ. ನನ್ನ ಹೆಸರಲ್ಲಿ ಮೆಷಿನ್ ನಿಲ್ಲೋದು ಬೇಡ. ಬೆಳಗಿನ ಟೀ ಟೈಮು ಹತ್ತು ನಿಮಿಷ ಇದೆ ನೋಡು, ಅಷ್ಟರಲ್ಲಿ ಏನ್ ಮಾಡ್ತೀಯೋ ಮಾಡು. ಆದ್ರೆ ಗೇಟ್ ರಿಜಿಸ್ಟರಲ್ಲಿ ಯಾರ್ ಯಾರ ಹೆಸರಿದ್ಯೋ ಅಷ್ಟೂ ಜನಕ್ಕೆ ಸಿಗ್ಬೇಕು. ಒಬ್ರಿಗೆ ಸಿಗ್ಲಿಲ್ಲ ಅಂದ್ರೂ ನಾನು ಮುಟ್ಟಲ್ಲ."

ಮಂಜು ನಕ್ಕ. "ಏನ್ ಗುರುಗಳೇ, ಇದು ಪಾರ್ಟಿನೋ ಪರೀಕ್ಷೆನೋ?"

"ನಿಂಗೆ ಎರಡೂ ಒಂದೇ ಬಿಡೋ, ಎರಡಕ್ಕೂ ಲೇಟಾಗೇ ಬರ್ತೀಯ."

ನನಗೆ ಮಾತ್ರ ಅದು ಪರೀಕ್ಷೆಯೇ. ರಿಜಿಸ್ಟರಿನಲ್ಲಿ ನೂರ ಇಪ್ಪತ್ತಾರು ಹೆಸರು. ಹತ್ತು ನಿಮಿಷ. ಅದಕ್ಕಿಂತ ದೊಡ್ಡ ತೊಡಕು ಕೈಗಳದು. ನಮ್ಮವರ ಕೈ ನೀವು ನೋಡಿಲ್ಲ. ಮೊಣಕೈವರೆಗೆ ಎಣ್ಣೆ, ಉಗುರಿನ ಸುತ್ತ ಕಬ್ಬಿಣದ ಕಪ್ಪು. ಸೋಪಿನ ಪುಡಿ ಹಾಕಿ ಉಜ್ಜಿದರೂ ಒಬ್ಬೊಬ್ಬರಿಗೆ ನಾಲ್ಕೂವರೆ ನಿಮಿಷ ಬೇಕು (ಹನ್ನೆರಡು ಜನರನ್ನು ಗಡಿಯಾರ ಹಿಡಿದು ನೋಡಿದ್ದೇನೆ). ನಲ್ಲಿ ಇರುವುದು ನಾಲ್ಕು. ಸಮೋಸ ಕೊಟ್ಟರೆ ಸಮೋಸದ ಜೊತೆ ಗ್ರೀಸನ್ನೂ ತಿನ್ನಬೇಕು. ಟೀ ಹೊತ್ತಿನಲ್ಲಿ ಬಿಸ್ಕತ್ತನ್ನು ಪೇಪರ್ ಸಮೇತ ಹಿಡಿದು ಕಚ್ಚುವುದು ನಮ್ಮಲ್ಲಿ ಎಲ್ಲರಿಗೂ ಬರುವ ವಿದ್ಯೆ.

ಆಗ ನೆನಪಾದದ್ದು ವೈಟ್‌ಫೀಲ್ಡಿನ ಪಾರ್ಟಿ. ಅಲ್ಲಿರುವ ಗೆಳತಿಯೊಬ್ಬಳು ತನ್ನ ಅಪಾರ್ಟ್‌ಮೆಂಟಿಗೆ ಕರೆದಿದ್ದಳು. ಒಬ್ಬರು ತಟ್ಟೆ ಹಿಡಿದು ಬಂದರು. ಕಡ್ಡಿಗೆ ಒಂದು ಚೀಸ್ ತುಂಡು, ಒಂದು ಪುಟ್ಟ ಟೊಮೆಟೊ, ಒಂದು ಎಲೆ. ಎಲ್ಲರೂ ಎರಡೇ ಬೆರಳಲ್ಲಿ ಹಿಡಿದು, ಕಿರುಬೆರಳು ಎತ್ತಿ, ಮಾತು ನಿಲ್ಲಿಸದೆ ತಿಂದರು. ನಾನು ಒಂಬತ್ತು ತಿಂದೆ. ಕಡ್ಡಿಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದದ್ದರಿಂದ ಸಂಖ್ಯೆ ಖಚಿತ. ಬಸ್ಸಿನಲ್ಲಿ ವಾಪಸ್ ಬರುವಾಗ ಹಳೆಯದೆಲ್ಲ ತಲೆಗೆ ಬಂತು. ಮದುವೆಮನೆಯ ಬೀಡಾಕ್ಕೆ ಚುಚ್ಚಿದ ಲವಂಗ. ಅಜ್ಜಿ ಮುತ್ತುಗದ ಎಲೆ ಹೊಲಿಯಲು ಸೀಳಿಕೊಳ್ಳುತ್ತಿದ್ದ ಚುಚ್ಚುಗಡ್ಡಿ. ಪಕ್ಕದಲ್ಲಿ ಕೂತು ಒಂದೊಂದೇ ಎತ್ತಿ ಕೊಡುತ್ತಿದ್ದ ನಾನು. ಒಂದು ಎಲೆಗೆ ಎಷ್ಟು ಕಡ್ಡಿ ಹೋಗುತ್ತದೆಂದು ಅಜ್ಜಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬರೀ ಕಡ್ಡಿ! ಅಷ್ಟು ಸಣ್ಣದು ಎಷ್ಟೆಲ್ಲವನ್ನು ಹಿಡಿದು ನಿಲ್ಲಿಸುತ್ತದೆ ಎಂದು ಬೆರಗಾಗಿತ್ತು. ಆಮೇಲೆ ಅನ್ನಿಸಿದ್ದು, ಅಲ್ಲಿದ್ದವೆಲ್ಲ ತೊಳೆದ ಕೈಗಳು. ಕಡ್ಡಿ ನಿಜಕ್ಕೂ ಬೇಕಾದದ್ದು ನಮ್ಮವರಿಗೆ.

ಹಾಗಾಗಿ ತೀರ್ಮಾನ ಮಾಡಿದೆ. ಒಂದು ಕಡ್ಡಿಗೆ ಒಂದು ಸೌತೆಕಾಯಿ ತುಂಡು, ಒಂದು ಪಡ್ಡು, ಒಂದು ಅನಾನಸ್ ತುಂಡು. ಗಟ್ಟಿಯದು ಕೆಳಗೆ, ಮೆತ್ತಗಿನದು ನಡುವೆ, ಸಿಹಿ ತುದಿಗೆ. ರಿಜಿಸ್ಟರಿನ ನೂರ ಇಪ್ಪತ್ತಾರಕ್ಕೆ ನಾಲ್ಕು ಹೆಚ್ಚು ಸೇರಿಸಿ ನೂರ ಮೂವತ್ತು. ಪಡ್ಡಿನ ಹೊಣೆ ಹೊತ್ತವರು ಶರಣಮ್ಮ. ಹೌದು, ಆ ಕೇಕಿನ ರಟ್ಟಿನ ಶರಣಮ್ಮನೇ. ಯಾದಗಿರಿ ಕಡೆಯವರು, ನಮ್ಮ ಫ್ಯಾಕ್ಟರಿಯಲ್ಲಿ ಕಬ್ಬಿಣದ ಸಿಪ್ಪೆ ಗುಡಿಸುವ ಕೆಲಸ, ನನ್ನ ಪಕ್ಕದ ರೂಮು. ನಾನು ಅಕ್ಕ ಅಂತೀನಿ, ಅವರು ನನ್ನನ್ನು ಮೇಡಂ ಅನ್ನುವುದನ್ನು ಬಿಡುವುದಿಲ್ಲ.

"ಚಟ್ನಿ ಹೆಂಗ್ ಮಾಡ್ತೀರಿ ಮೇಡಂ? ಕಡ್ಡಿ ಹಿಡಕೊಂಡು ಚಟ್ನ್ಯಾಗ ಅದ್ದಾಕ ಹ್ವಾದ್ರ ಎಲ್ಲಾ ಅದರಾಗ ಬೀಳತೈತಿ."

"ಅದನ್ನ ಯೋಚ್ನೆ ಮಾಡಿಲ್ಲ ಅಕ್ಕ."

"ನನಗ ಬಿಡ್ರಿ. ಪಡ್ಡು ಸೀಳಿ ಒಳಗ ಶೇಂಗಾ ಹಿಂಡಿ, ನಿಮ್ಮ ಚಟ್ನಿಪುಡಿ ಇದ್ದಂಗ, ಹಚ್ಚತೀನಿ. ನಿಮ್ಮ ಕಡೆಯವ್ರಿಗೂ ಖಾರ ಅಂದ್ರೇನು ಅಂತ ಗೊತ್ತಾಗ್ಲಿ."

ಕಡ್ಡಿಯ ಹೊಣೆ ನನ್ನದು. ಅಂಗಡಿಗಳಲ್ಲಿ ಸಿಕ್ಕಿದ್ದು ಹಲ್ಲುಕಡ್ಡಿ ಮಾತ್ರ, ಅದು ಪಡ್ಡು ದಾಟಿ ಆಚೆ ಕೂಡ ಬರುವುದಿಲ್ಲ. ಶುಕ್ರವಾರ ಸಂಜೆ ತಿರುಗಿ ತಿರುಗಿ, ನಮ್ಮ ಹಿಂದಿನ ಬೀದಿಯಲ್ಲಿ ಅಗರಬತ್ತಿಗೆ ಬೇಕಾದ ಸಾಮಾನು ಮಾರುವ ಅಂಗಡಿಯ ಮುಂದೆ ನಿಂತೆ. ಕಟ್ಟು ಕಟ್ಟು ಬಿದಿರು ಕಡ್ಡಿ, ನುಣ್ಣಗೆ, ಒಂದೇ ಸಮ, ತುದಿಗೆ ಅಂದವಾದ ಕೆಂಪು ಬಣ್ಣ. ಅಲ್ಲೇ ಚೀಲದಿಂದ ನನ್ನ ಸ್ವಂತ ವರ್ನಿಯರ್ ತೆಗೆದು ಅಳೆದೆ. ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲ. ಅಂಗಡಿಯವನು ನನ್ನನ್ನು ಯಾವುದೋ ಇಲಾಖೆಯವಳೆಂದು ತಿಳಿದು ಕುರ್ಚಿ ಹಾಕಿದ. ಒಂದು ಕಟ್ಟು ತಂದೆ. ಅರ್ಧಕ್ಕೆ ಕತ್ತರಿಸಿ, ತುದಿ ಓರೆ ಮಾಡಿ, ಡೈರಿಯಲ್ಲಿ 'ಕಡ್ಡಿ: ಸಿದ್ಧ' ಎಂದು ಬರೆದು ನೆಮ್ಮದಿಯಾಗಿ ಮಲಗಿದೆ.

ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದೆ. ಮೊಬೈಲಿನಲ್ಲಿ ನೋಡಿದ್ದ ಅಡುಗೆಯವರು, ಕಡ್ಡಿಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ಎಂದಿದ್ದರು. ಅದು ಬೆಂಕಿಯ ಮೇಲೆ ಸುಡುವ ತಿಂಡಿಗೆ, ಕಡ್ಡಿ ಉರಿದುಹೋಗಬಾರದೆಂದು. ನನ್ನ ಸೌತೆಕಾಯಿಗೆ ಯಾವ ಬೆಂಕಿ? ಆದರೆ ಕ್ರಮದಲ್ಲಿ ಬರೆದಿದ್ದ ಮೇಲೆ ಮಾಡಲೇಬೇಕು ಎನ್ನುವುದು ನನ್ನ ಜಾಯಮಾನ. ಬಕೆಟ್ಟಿನಲ್ಲಿ ನೆನೆಹಾಕಿ, ಸಮಯ ಬರೆದುಕೊಂಡು, ಅನಾನಸ್ ಹೆಚ್ಚಲು ಕೂತೆ.

ಐದೂವರೆಗೆ ಶರಣಮ್ಮ ಹಿಟ್ಟಿನ ಪಾತ್ರೆ ಹೊತ್ತು ಒಳಗೆ ಬಂದರು. ಬಕೆಟ್ ನೋಡಿದರು. ನಾನೂ ನೋಡಿದೆ. ನೀರು ಓಕುಳಿಯ ಹಾಗೆ ಕೆಂಪಗಿತ್ತು. ಕಡ್ಡಿಗಳು ತುದಿಯಿಂದ ಬುಡದವರೆಗೆ ಗುಲಾಬಿ.

"ಅಯ್ಯ ಶಿವನ! ಊದಿನಕಡ್ಡಿ ತಿನ್ನಸ್ತೀರೇನ್ರಿ ಮಂದಿಗೆ?"

"ಬರೀ ಕಡ್ಡಿ ಅಲ್ವಾ ಅಕ್ಕ, ಅದಕ್ಕೆ ಇನ್ನೂ ಏನೂ ಹಚ್ಚಿಲ್ಲ..."

"ಬಣ್ಣ ಐತಲ್ರಿ! ಫ್ಯಾಕ್ಟರಿಗೆ ಬರೂ ಮೊದಲ ಆರು ವರ್ಷ ಇದಕ್ಕ ಮಸಾಲಿ ಉಜ್ಜಿ ಕಟ್ಟು ಕಟ್ಟೀನಿ ನಾನು. ಈ ಬಣ್ಣ ಕೈಗೆ ಹತ್ತಿದ್ರ ಮೂರು ದಿವಸ ಹೋಗಂಗಿಲ್ಲ. ನಂಜುಂಡಯ್ಯ ಸರ ನಾಲಿಗಿ ಕೆಂಪಗ ಮಾಡ್ಕೊಂಡು ರಿಟೈರ್ ಆಗ್ಲೇನು?" ಎಂದು ಹೊಟ್ಟೆ ಹಿಡಿದು ನಕ್ಕರು.

ನನಗೆ ಅಳು ಬಂತು. ಅವರು ನಗುತ್ತಲೇ, ಉಳಿದಿದ್ದ ಒಣ ಕಟ್ಟಿನಿಂದ ಒಂದು ಹಿಡಿ ಕಡ್ಡಿ ತೆಗೆದು ನನ್ನ ಮುಂದೆ ಚಾಚಿದರು. "ಅಳಬ್ಯಾಡ್ರಿ. ನಿಮಗ ಎಣಿಸೂದು ಅಂದ್ರ ಭಾಳ ಪ್ರೀತಿ ಅಲ್ಲೇನು? ಇದನ್ನ ಎಣಿಸ್ರಿ. ಐವತ್ತು ಅದಾವ."

ಎಣಿಸಿದೆ. ಐವತ್ತು. ಅವರು ಮತ್ತೊಂದು ಹಿಡಿ ತೆಗೆದರು, ನನ್ನ ಮುಖ ನೋಡುತ್ತಾ, ಕಡ್ಡಿಯತ್ತ ಕಣ್ಣೂ ಹಾಕದೆ. ಐವತ್ತು. ಮೂರನೆಯ ಸಲ ಅವರೇ ತಡೆದು, "ಇದ್ರಾಗ ಒಂದು ಹೆಚ್ಚಿಗಿ ಬಂತು" ಎಂದು ಒಂದನ್ನು ಹಿಂದಕ್ಕೆ ಹಾಕಿದರು. ಎಣಿಸಿದೆ. ಐವತ್ತು.

ನನ್ನ ಅಳು ನಿಂತುಹೋಯಿತು. ಇಪ್ಪತ್ತು ವರ್ಷದಿಂದ ನಾನು ಗೆರೆ ಎಳೆದು, ಐದೈದರ ಕಟ್ಟು ಮಾಡಿ, ಎರಡೆರಡು ಸಲ ತಾಳೆ ನೋಡಿ ಹಿಡಿಯಲು ಹೆಣಗುವ ಸಂಖ್ಯೆ, ಈ ಹೆಂಗಸಿನ ಮುಷ್ಟಿಯಲ್ಲಿ ಸುಮ್ಮನೆ ಬಂದು ಕೂರುತ್ತಿತ್ತು. ಬೆಲ್ಲ ಕಂಡ ಇರುವೆಯ ಹಾಗೆ ನಾನು ಆ ಕೈಯನ್ನೇ ನೋಡುತ್ತಿದ್ದೆ. ಅವರಿಗದು ಏನೂ ಅಲ್ಲ. "ಕೈ ಕಲ್ತೈತ್ರಿ, ನಾ ಕಲ್ತಿಲ್ಲ" ಅಂದರು. "ಈಗ ಕಡ್ಡಿ ಎಲ್ಲಿಂದ ತರೂಣು, ಅದನ್ನ ಹೇಳ್ರಿ."

ಇಬ್ಬರಿಗೂ ಒಟ್ಟಿಗೇ ಹೊಳೆದದ್ದು ಟೆರೇಸಿನ ಮರ.

ನಮ್ಮ ಮನೆ ಓನರ್ ಗೌರಮ್ಮನವರದು ಇಲ್ಲಿನದೇ ಹಳೆಯ ಒಕ್ಕಲು ಮನೆತನ. ಈ ಬೀದಿಯೆಲ್ಲ ಅವರ ರಾಗಿ ಹೊಲವಾಗಿತ್ತಂತೆ. ಮೂರು ಮಹಡಿ ಕಟ್ಟುವಾಗ ಮಾವ ನೆಟ್ಟಿದ್ದ ಒಂದು ತೆಂಗಿನಮರವನ್ನು ಕಡಿಯಲು ಬಿಡದೆ, ಅದರ ಸುತ್ತ ಜಾಗ ಬಿಡಿಸಿ ಮನೆ ಕಟ್ಟಿಸಿದ್ದಾರೆ. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಕಾಂಡ ಸಿಗುತ್ತದೆ. ಟೆರೇಸಿಗೆ ಬಂದರೆ ಮರದ ತಲೆ ನಮ್ಮ ಎದೆಮಟ್ಟಕ್ಕೆ, ಕುಂಡದ ಗಿಡದ ಹಾಗೆ. ಮೊದಲ ಸಲ ಅದರ ಎಳನೀರನ್ನು ನಿಂತಲ್ಲೇ ಮುಟ್ಟಿದಾಗ, ಮರ ಬಗ್ಗಿತೋ ನಾನು ಬೆಳೆದೆನೋ ಎಂದು ತಬ್ಬಿಬ್ಬಾಗಿದ್ದೆ. ಆದರೆ ಆ ಮರಕ್ಕೆ ಬಟ್ಟೆ ಹಗ್ಗ ಕಟ್ಟಿದ ಬಾಡಿಗೆಯವರೊಬ್ಬರು ಹದಿನೈದು ದಿನ ಗೌರಮ್ಮನವರ ಬಾಯಿಗೆ ಸಿಕ್ಕಿದ್ದರು.

ಬೆಳಗಿನ ಐದು ಮುಕ್ಕಾಲಿಗೆ ಹೋಗಿ ಬಾಗಿಲು ಬಡಿದೆ. ಕೂದಲು ಗಂಟು ಹಾಕುತ್ತಾ ಬಂದರು.

"ಏನವ್ವ ಇಷ್ಟೊತ್ಗೇ? ನೀರು ಬರ್ತಿಲ್ವಾ?"

"ನೀರಲ್ಲ ಅಮ್ಮ. ಮರದಿಂದ ಗರಿ ಬೇಕಿತ್ತು. ಕಡ್ಡಿಗೆ."

"ಪೊರಕೆ ಕಟ್ತೀಯಾ ಈಗ?"

ಇದ್ದದ್ದನ್ನೆಲ್ಲ ಹೇಳಿದೆ. ಹತ್ತು ನಿಮಿಷದ ಪಾರ್ಟಿ, ಎಣ್ಣೆ ಕೈ, ಒಬ್ಬರಿಗೆ ಸಿಗದಿದ್ದರೂ ತಾನು ಮುಟ್ಟುವುದಿಲ್ಲ ಎಂದ ಹಿರಿಯರು, ಕೆಂಪಾದ ಬಕೆಟ್. ಗೌರಮ್ಮನವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಒಬ್ಬರ್ಗೂ ಬಿಡ್ದಂಗೆ ಕೊಡ್ಬೇಕು ಅಂದ್ನಾ ಅವ್ನು?"

"ಹೂಂ ಅಮ್ಮ."

"ನಮ್ಮ್ ಮಾವಾನೂ ಅಂಗೇ ಇದ್ರು. ಕಣದಾಗೆ ಕಟ್ಟಕಡೆ ಆಳು ಉಂಡ್ಮೇಲೇ ಎಲೆ ಆಕುಸ್ಕೊಳೋರು." ಒಳಗೆ ಹೋಗಿ ಕುಡುಗೋಲು ತಂದರು. "ನೀನು ಮುಟ್ಬ್ಯಾಡ, ನಾನೇ ಕುಯ್ತೀನಿ. ತಪ್ಪು ಗರಿ ಕುಯ್ದ್ರೆ ಮರ ನೊಂದ್ಕತೈತೆ."

ಒಂದೇ ಒಂದು ಗರಿ. ಅದು ಟೆರೇಸಿನ ಮೇಲೆ ಬಿದ್ದಾಗ ನನಗೆ ನಿರಾಸೆಯಾಯಿತು. ನೂರ ಮೂವತ್ತು ಎಲ್ಲಿಂದ ಬರಬೇಕು? ಗೌರಮ್ಮನವರು ಕೂತು ಎಲೆ ಸೀಳಿ, ಹಸಿರು ಸಿಪ್ಪೆಯನ್ನು ಒಂದೇ ಎಳೆತಕ್ಕೆ ಜಾರಿಸಿ ಕಡ್ಡಿ ಕೊಡತೊಡಗಿದರು. ನಾನು ಎಣಿಸಿದೆ. ಒಂದು ಬದಿಯಲ್ಲಿ ನೂರ ಆರು, ಇನ್ನೊಂದು ಬದಿಯಲ್ಲಿ ನೂರ ಎಂಟು. ಒಂದು ಗರಿಯಲ್ಲಿ ಇನ್ನೂರ ಹದಿನಾಲ್ಕು ಕಡ್ಡಿ! ನಾಲ್ಕು ವರ್ಷ ಆ ಮರದ ಪಕ್ಕ ಬಟ್ಟೆ ಒಣಗಿಸಿದ್ದೇನೆ, ಮೇಲೆ ಎಷ್ಟು ಗರಿ ಇವೆ ಎಂದು ಪ್ರತಿ ತಿಂಗಳೂ ಬರೆದಿದ್ದೇನೆ, ಒಂದು ಗರಿಯೊಳಗೆ ಎಷ್ಟಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಪೂರ್ವದಲ್ಲಿ ಶೆಡ್ಡುಗಳ ತಗಡಿನ ಮೇಲೆ ಬೆಳಕು ಬರುತ್ತಿತ್ತು. ಆ ಬೆಳಕಿನಲ್ಲಿ ಹಸಿ ಕಡ್ಡಿಗಳು ಹೊಳೆಯುತ್ತಿದ್ದವು. ತೆಳ್ಳಗಿನವನ್ನೆಲ್ಲ ಬಿಟ್ಟು, ಗಟ್ಟಿಯಾದ ನೂರ ಮೂವತ್ತನ್ನು ಆರಿಸಿ ಬುಡದ ಕಡೆಯಿಂದ ಅಳತೆಗೆ ಕತ್ತರಿಸಿದೆ.

ಶರಣಮ್ಮ ಅವನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. "ಇವು ದಪ್ಪ ಅದಾವ. ನಿಲ್ರಿ, ಕೈ ಕಲೀಲಿ." ಎರಡು ಕೈ ಸೇರಿಸಿ ನೂರ ಮೂವತ್ತನ್ನೂ ಒಟ್ಟಿಗೆ ಹಿಡಿದು, ಒಮ್ಮೆ ಒತ್ತಿ, ಮಗುವಿನ ತೂಕ ನೋಡುವವರ ಹಾಗೆ ಮೇಲೆ ಕೆಳಗೆ ಆಡಿಸಿದರು. "ಹೂಂ" ಎಂದು ಕೆಳಗಿಟ್ಟು ಪಡ್ಡಿನ ಕಾವಲಿ ಒಲೆಗೆ ಇಟ್ಟರು.

ಕಾವಲಿಗೆ ಹನ್ನೆರಡು ಗುಳಿ. ಹನ್ನೊಂದು ಸಲ ಹೊಯ್ದರೆ ನೂರ ಮೂವತ್ತೆರಡು. ಎರಡು ನಮ್ಮಿಬ್ಬರ ರುಚಿಗೆ. ಹಿಂಡಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ ಶರಣಮ್ಮ ತೃಪ್ತಿಯಿಂದ ತಲೆಯಾಡಿಸಿದರು. ಚುಚ್ಚುವುದರಲ್ಲಿ ಇರುವ ಸುಖ ಹೇಳಲಾರೆ. ಸೌತೆ 'ಕಟ್' ಎಂದು ದಾರಿ ಬಿಡುತ್ತದೆ, ಪಡ್ಡು ಉಸಿರು ಬಿಟ್ಟು ಒಳಗೆ ಕರೆದುಕೊಳ್ಳುತ್ತದೆ, ಅನಾನಸ್ ರಸ ಕಾರಿ ಮುಗಿಸುತ್ತದೆ. ಗೌರಮ್ಮನವರ ನಾಲ್ಕು ಹರಿವಾಣಗಳಲ್ಲಿ ಸಾಲು ಸಾಲಾಗಿ ಜೋಡಿಸಿ ಒದ್ದೆ ಬಟ್ಟೆ ಮುಚ್ಚಿ ಆಟೋ ಹತ್ತಿದೆವು.

ಇಲ್ಲಿ ನಾನು ಒಂದು ವಿಶೇಷ ಮರ್ಯಾದೆ ಮಾಡಿದೆ. ನಂಜುಂಡಯ್ಯನವರ ಕಡ್ಡಿಯನ್ನು ಬೇರೆಯಾಗಿ, ತುದಿಗೆ ಒಂದು ದ್ರಾಕ್ಷಿಯನ್ನೂ ಚುಚ್ಚಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ಹತ್ತೂಕಾಲಿಗೆ ಟೀ ಗಂಟೆ ಹೊಡೆಯುವ ಮುಂಚೆಯೇ ಅದನ್ನು ಅವರ ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಸಾರ್, ಇದು ನಿಮ್ದು."

"ಇರ್ಲಿ ತಾಯಿ. ಎಲ್ರದೂ ಆಗ್ಲಿ."

ಪಟ್ಟಿ ತೆಗೆದು ಮೊದಲ ಗೆರೆಯನ್ನು ಅವರ ಹೆಸರಿನ ಮುಂದೆಯೇ ಎಳೆದೆ. ಗೌರವಕ್ಕೆ.

ಗಂಟೆ ಹೊಡೆಯಿತು. ಮೆಷಿನ್ನುಗಳು ಒಂದೊಂದಾಗಿ ಸದ್ದು ಬಿಟ್ಟವು. ನಂಜುಂಡಯ್ಯನವರು ಕಿಟಕಿಯ ಹೊರಗೆ ಬಂದು ಭಾಷಣವೆನ್ನುವಂತೆ ಇಷ್ಟೇ ಹೇಳಿದರು: "ಎಲ್ರೂ ಅವರವರ ಮೆಷಿನ್ ಹತ್ರಾನೇ ತಿನ್ನಿ. ತಿಂದಾದ್ಮೇಲೆ ಕಡ್ಡಿ ವಾಪಸ್ ಕೊಡ್ಬೇಕು. ಒಂದು ಕಡ್ಡಿ ಮೆಷಿನ್ ತಣಿಸೋ ಕೂಲಂಟ್ ಟ್ಯಾಂಕಿಗೆ ಬಿದ್ರೂ ಪಂಪ್ ಹೋಗುತ್ತೆ. ನಾನು ಲೆಕ್ಕ ತಗೊಂಡೇ ಹೋಗೋದು."

"ಗುರುಗಳೇ, ಬಿಲ್ಲೆ ಕೊಡ್ಬೇಕಾ?" ಎಂದ ಮಂಜು. ಎಲ್ಲರೂ ನಕ್ಕರು.

ಆಮೇಲಿನ ಆರು ನಿಮಿಷ ನಾನು ಮರೆಯಲಾರೆ. ನಾಲ್ಕು ಹರಿವಾಣಗಳು ಸಾಲುಗಳ ನಡುವೆ ಹೊರಟವು. ಕಪ್ಪು ಕೈಗಳು ಚಾಚಿದವು. ಎರಡೇ ಬೆರಳು, ಕಡ್ಡಿಯ ಬುಡಕ್ಕೆ. ಅಷ್ಟು ದಪ್ಪ ಬೆರಳುಗಳು ಅಷ್ಟು ನಾಜೂಕಾಗಿ ಹಿಡಿಯುವುದನ್ನು ನಾನು ಮೈಕ್ರೋಮೀಟರ್ ಮುಟ್ಟುವಾಗ ಮಾತ್ರ ನೋಡಿದ್ದೆ. ತಿಂಡಿಗೆ ಎಣ್ಣೆಯ ಒಂದು ಚುಕ್ಕಿ ತಾಗಲಿಲ್ಲ. ಪ್ಯಾಕಿಂಗಿನವರು, ಗೇಟಿನ ಸೆಕ್ಯುರಿಟಿ, ಟೀ ತರುವಾತ, ಗುಡಿಸುವವರು, ಮ್ಯಾನೇಜರು, ಎಲ್ಲರೂ ಒಂದೇ ರೀತಿ ನಿಂತು ಒಂದೇ ಹೊತ್ತಿಗೆ ತಿಂದರು. ಹಿಂಡಿಯ ಖಾರಕ್ಕೆ ಇಡೀ ಶೆಡ್ಡು 'ಹಾ' ಎಂದಿತು. ಹೆಚ್ಚಿನ ನಾಲ್ಕೂ ಖರ್ಚಾದವು: ಲಾರಿ ಡ್ರೈವರ್, ಕ್ಲೀನರ್, ಕೊರಿಯರಿನವನು, ಮತ್ತು ಎರಡನೆಯದಕ್ಕೆ ಕೈ ಹಾಕಿದ ಮಂಜು. ಪಟ್ಟಿಯಲ್ಲಿ ನೂರ ಇಪ್ಪತ್ತಾರು ಗೆರೆ. ಗೆದ್ದೆ ಅಂದುಕೊಂಡೆ.

ಕಡ್ಡಿಗಳು ವಾಪಸ್ ಬಂದವು. ಶರಣಮ್ಮ ಎಲ್ಲವನ್ನೂ ಒರೆಸಿ ಒಟ್ಟುಮಾಡಿ ಎರಡು ಕೈಯಲ್ಲಿ ಹಿಡಿದರು. ಒತ್ತಿದರು. ಮತ್ತೆ ಒತ್ತಿದರು.

"ಮೇಡಂ, ಒಂದು ಕಮ್ಮಿ ಐತಿ."

ನಾನು ಎಣಿಸಿದೆ. ನೂರ ಇಪ್ಪತ್ತೊಂಬತ್ತು. ಮತ್ತೆ ಎಣಿಸಿದೆ. ನೂರ ಇಪ್ಪತ್ತೊಂಬತ್ತು.

"ಯಾರೂ ಮೆಷಿನ್ ಆನ್ ಮಾಡ್ಬೇಡಿ" ಎಂದರು ನಂಜುಂಡಯ್ಯನವರು. ತಮ್ಮ ಹೆಸರಲ್ಲಿ ಮೆಷಿನ್ ನಿಲ್ಲುವುದು ಬೇಡ ಎಂದಿದ್ದವರು. ಟಾರ್ಚು ತೆಗೆದು ಮೊಣಕಾಲೂರಿ ಮೊದಲ ಲೇತಿನ ಕೆಳಗೆ ಇಣುಕಿದರು. ಅರವತ್ತು ತುಂಬಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಶರಟು. ನೋಡಿದ ಎಲ್ಲರೂ ಮೊಣಕಾಲೂರಿದರು. ಟ್ಯಾಂಕುಗಳ ಜಾಲರಿ ಎತ್ತಿದರು, ಸಿಪ್ಪೆಯ ತೊಟ್ಟಿ ಮಗುಚಿದರು. "ಲೋ ಮಂಜ, ಎರಡು ತಿಂದೋನು ನೀನೇ ಕಣೋ, ಒಂದು ನುಂಗ್ಬಿಟ್ಟಾ?" ಎಂದು ಯಾರೋ ಕೂಗಿದರು. "ಎರಡೂ ಕೊಟ್ಟಿದೀನಿ ಮಗಾ, ಆಣೆ!" ನಾನು ಪಟ್ಟಿ ಹಿಡಿದು ಪ್ರತಿ ಗೆರೆಯ ಮೇಲೂ ಬೆರಳಿಟ್ಟೆ. ಎಲ್ಲರ ಮುಂದೆಯೂ ಗೆರೆ ಇತ್ತು. ಪಟ್ಟಿ ಪರಿಪೂರ್ಣವಾಗಿತ್ತು. ಹನ್ನೊಂದು ನಿಮಿಷ ಕಳೆದವು.

ಶರಣಮ್ಮ ಹುಡುಕುತ್ತಿರಲಿಲ್ಲ. ಕಡ್ಡಿಯ ಕಟ್ಟನ್ನು ಎದೆಗೆ ಹಿಡಿದುಕೊಂಡು ಜನರನ್ನು ನೋಡುತ್ತಿದ್ದರು. ಆಮೇಲೆ ಐದನೆಯ ಮೆಷಿನ್ನಿನ ಕೆಳಗಿಂದ ಧೂಳು ಕೊಡವಿ ಏಳುತ್ತಿದ್ದ ನಂಜುಂಡಯ್ಯನವರ ಹತ್ತಿರ ಹೋದರು.

"ಸರಾ, ನೀವು ತಿಂದ್ರೇನ್ರಿ?"

ನಂಜುಂಡಯ್ಯನವರು ಪ್ರಶ್ನೆ ಯಾರ ಬಗ್ಗೆ ಎಂದು ಯೋಚಿಸುವವರ ಹಾಗೆ ಕಿಟಕಿಯ ಕಡೆ ತಿರುಗಿದರು.

ಕಿಟಕಿಯ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿ ಮುಚ್ಚಿದ ಹಾಗೇ ಇತ್ತು. ಅಷ್ಟೂ ಜನ ಅದರ ಮುಂದೆಯೇ ಓಡಾಡಿದ್ದೆವು. ನಾನು ಮುಚ್ಚಳ ತೆಗೆದೆ. ಸೌತೆ, ಪಡ್ಡು, ಅನಾನಸ್, ದ್ರಾಕ್ಷಿ. ಕೈಯಲ್ಲಿದ್ದ ಪಟ್ಟಿಯ ಮೊದಲ ಗೆರೆ ನನ್ನನ್ನು ನೋಡುತ್ತಿತ್ತು.

"ಸಾರ್, ತಪ್ಪು ನಂದು. ಕೊಡೋಕೆ ಮುಂಚೆನೇ ಗೆರೆ ಎಳೆದ್ಬಿಟ್ಟೆ" ಎಂದೆ.

ಅವರು ಪಟ್ಟಿ ಇಸಿದುಕೊಂಡು ನೋಡಿದರು. "ಪರ್ವಾಗಿಲ್ಲ ಬಿಡು. ನಾನೂ ಟ್ಯಾಂಕಲ್ಲೆಲ್ಲಾ ಹುಡುಕಿದ್ನಲ್ಲ." ಕಡ್ಡಿ ಎತ್ತಿಕೊಂಡರು. "ಎಲ್ರಿಗೂ ಆಯ್ತಾ?"

"ಆತ್ರಿ ಸರಾ" ಎಂದರು ಶರಣಮ್ಮ. "ನಿಮ್ಮದೊಂದ ಉಳದೈತಿ."

ಅವರು ತಿಂದರು. ಮೊದಲು ದ್ರಾಕ್ಷಿ, ಆಮೇಲೆ ಉಳಿದದ್ದು, ನಿಧಾನವಾಗಿ, ಅಳತೆ ನೋಡುವವರ ಹಾಗೆ. ಹೊರಗೆ ತುಮಕೂರು ರಸ್ತೆಯ ಲಾರಿಯ ಹಾರನ್ನು ಕೇಳಿಸಿತು. ಹಿಂಡಿಯ ಖಾರಕ್ಕೋ ಏನೋ, ಕನ್ನಡಕ ತೆಗೆದು ಒರೆಸಿಕೊಂಡರು. ಕಡ್ಡಿಯನ್ನು ಒರೆಸಿ ಶರಣಮ್ಮನ ಕೈಗೆ ಕೊಟ್ಟರು. ಶರಣಮ್ಮ ಅದನ್ನು ಕಟ್ಟಿಗೆ ಸೇರಿಸಿ ಒತ್ತಿದರು.

"ಈಗ ಭರ್ತಿ ಆತು."

ನಾನು ಎಣಿಸಲಿಲ್ಲ. ನೆನಪಿರುವ ಮಟ್ಟಿಗೆ, ನಾನು ಎಣಿಸದೆ ಒಪ್ಪಿಕೊಂಡ ಮೊದಲ ಸಂಖ್ಯೆ ಅದು.

ನಂಜುಂಡಯ್ಯನವರು ಆ ಕಟ್ಟಿಗೆ ತಾಮ್ರದ ತಂತಿ ಸುತ್ತಿ, ಗೋಡೆಯಲ್ಲಿ ಖಾಲಿಯಿದ್ದ ಒಂದು ಕೊಕ್ಕೆಗೆ ನೇತುಹಾಕಿದರು. ಕಿವಿಯ ಹಿಂದಿನ ಪೆನ್ಸಿಲಿನಿಂದ ಕೆಳಗೆ ಬರೆದರು: ಕಡ್ಡಿ, 130. ಸಂಜೆ ಗೋಡೆಯ ಮೇಲೆ ಒಂದೂ ಬಿಲ್ಲೆ ಇರಲಿಲ್ಲ. ದೀಪ ಆರಿಸಿ ಹೋದರು.

ಸೋಮವಾರ ಬೆಳಿಗ್ಗೆ ನಾನು ಆ ಕಟ್ಟಿನಿಂದ ಒಂದನ್ನು ಎಳೆದುಕೊಂಡು, ನಿಯಮದಂತೆ ನಲವತ್ತೇಳರ ಬಿಲ್ಲೆಯೊಂದನ್ನು ಆ ಕೊಕ್ಕೆಗೆ ಹಾಕಿದೆ. ಆ ಕಿಟಕಿಗೆ ಹೊಸದಾಗಿ ಬಂದಿರುವವರು ತಿಂಗಳಿಗೊಮ್ಮೆ ಕೇಳುತ್ತಾರೆ, "ಮೇಡಂ, ಇದ್ಯಾವ ಟೂಲು? ವಾಪಸ್ ಯಾವಾಗ ಕೊಡ್ತೀರ?" ಬಳಕೆಯಲ್ಲಿದೆ ಎನ್ನುತ್ತೇನೆ. ಸುಳ್ಳಲ್ಲ. ಈಗ ಯಾವ ಪಟ್ಟಿಯಲ್ಲಾದರೂ ಗೆರೆ ಎಳೆಯುವ ಮುಂಚೆ ಪೆಟ್ಟಿಗೆ ತೆರೆದು ಅದನ್ನೊಮ್ಮೆ ನೋಡುತ್ತೇನೆ.

ಕೊಕ್ಕೆಯಲ್ಲಿರುವ ಕಡ್ಡಿಗಳೂ ನನ್ನದರ ಹಾಗೆಯೇ ಒಣಗಿ ತೆಳುವಾಗಿವೆ. ಕಟ್ಟು ಎಷ್ಟೋ ಸಡಿಲವಾಗಿದೆ. ಆದರೂ ಆ ಕಡೆ ಗುಡಿಸಲು ಹೋದಾಗಲೆಲ್ಲ ಶರಣಮ್ಮ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅದನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಒತ್ತುತ್ತಾರೆ. ಆಮೇಲೆ ಅಷ್ಟು ಮೆಷಿನ್ನುಗಳ ಸದ್ದಿನ ಮೇಲೆ ನನಗೆ ಕೇಳಿಸುವಂತೆ ಕೂಗುತ್ತಾರೆ:

"ಮೇಡಂ! ಇನ್ನೂ ಒಂದು ಕಮ್ಮಿ ಐತ್ರಿ!"

ನಾನು ಪೆಟ್ಟಿಗೆಯ ಮುಚ್ಚಳವನ್ನು ಎರಡು ಸಲ ತಟ್ಟುತ್ತೇನೆ.